ಗ್ಲೆಂಡಾಂಬೊ ದಾಟಿ 110 ಕಿಲೋಮೀಟರ್: ಔಟ್‌ಬ್ಯಾಕ್ ಬೇಸಿಗೆಯ ಒಂದು ಮಧ್ಯಾಹ್ನ

ಡಿಸೆಂಬರ್ ಕೊನೆಯ ವಾರ, ಮಧ್ಯಾಹ್ನ 12.50. ಆಸ್ಟ್ರೇಲಿಯಾದ ನಡುಭಾಗ ದಾಟಿ ಹೋಗುವ ಸ್ಟುವರ್ಟ್ ಹೈವೇಯಲ್ಲಿ ನಮ್ಮ ಬಾಡಿಗೆ ಗಾಡಿಯ ಹಿಂದಿನ ಎಡಗಡೆ ಟಯರ್ ಒಡೆಯಿತು. ಹೊರಗೆ 43 ಡಿಗ್ರಿ. ಗ್ಲೆಂಡಾಂಬೊ 110 ಕಿಲೋಮೀಟರ್ ಹಿಂದೆ ಉಳಿದಿತ್ತು, ಕೂಬರ್ ಪೀಡಿ ಇನ್ನೂ 144 ಕಿಲೋಮೀಟರ್ ಮುಂದಿತ್ತು. ಈ ಎರಡರ ನಡುವೆ ಬಂಕ್ ಇಲ್ಲ, ಅಂಗಡಿ ಇಲ್ಲ. ನಾವು ನಿಂತ ಜಾಗದಲ್ಲಿ ಫೋನ್ ಸಿಗ್ನಲ್ ಕೂಡ ಇರಲಿಲ್ಲ. ಗಾಡಿಯಲ್ಲಿ ಐದು ಜನ: ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ರಾಯಚೂರಿನಿಂದ ಬಂದಿದ್ದ 67 ವರ್ಷದ ಅಪ್ಪ, ಬೆಂಗಳೂರಿನಿಂದ ಬಂದಿದ್ದ ಹೆಂಡತಿಯ ತಮ್ಮ.

ಟಯರ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ, ಅಲ್ವಾ? ಆ ಅರ್ಧ ಗಂಟೆಯಲ್ಲೇ ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದವನು ಆಸ್ಪತ್ರೆ ಸೇರುವ ಸ್ಥಿತಿಗೆ ಬಂದ. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಎಷ್ಟು ಹತ್ತಿರ ಹೋಗಿದ್ದೆವು ಅನ್ನುವುದು ನನಗೆ ಗೊತ್ತು. ಇಲ್ಲಿ ಅಡಿಲೇಡ್, ಮೆಲ್ಬರ್ನ್‌ನಲ್ಲಿರುವ ನಮ್ಮವರು ಊರಿಂದ ಅಪ್ಪ ಅಮ್ಮ ಬಂದಾಗ ಇದೇ ದಾರಿ ಹಿಡಿಯುತ್ತಾರೆ, ಇದೇ ತಿಂಗಳಲ್ಲಿ ಹಿಡಿಯುತ್ತಾರೆ. ಅದಕ್ಕೇ ಆ ದಿನ ಏನೇನಾಯಿತು, ಯಾವ ಹೊತ್ತಿಗೆ ಏನು ಮಾಡಿದೆವು, ಏನು ಮಾಡಬೇಕಿತ್ತು ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಡಿಸೆಂಬರ್‌ನಲ್ಲೇ ಯಾಕೆ ಹೊರಟೆವು ಅನ್ನುವುದು. ಔಟ್‌ಬ್ಯಾಕ್‌ಗೆ, ಅಂದರೆ ದೇಶದ ಒಳಭಾಗದ ಈ ಒಣ ಬಯಲಿಗೆ, ಒಳ್ಳೆಯ ಕಾಲ ಮೇನಿಂದ ಸೆಪ್ಟೆಂಬರ್. ನಮಗೂ ಗೊತ್ತಿತ್ತು. ಆದರೆ ಮಗಳ ಶಾಲೆಯ ದೊಡ್ಡ ರಜೆ, ಬಾಮೈದನ ಆಫೀಸಿನ ಕ್ರಿಸ್‌ಮಸ್ ರಜೆ, ಅಪ್ಪನ ವೀಸಾ, ಮೂರೂ ಕೂಡಿ ಬರುವುದು ಡಿಸೆಂಬರ್‌ನಲ್ಲಿ ಮಾತ್ರ. ಈ ಸೌತ್ ಆಸ್ಟ್ರೇಲಿಯಾ ರಾಜ್ಯದಲ್ಲಿ ಸಿಂಪ್ಸನ್ ಮರುಭೂಮಿಯ ಪಾರ್ಕ್‌ಗೆ ಪ್ರತಿ ವರ್ಷ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬೀಗ ಹಾಕುತ್ತಾರೆ. ಬಿಸಿಲೇ ಕಾರಣ. ನಾವು ಹೋಗುತ್ತಿದ್ದುದು ಅಲ್ಲಿಗಲ್ಲ, ಉಲುರು ಅನ್ನುವ ದೊಡ್ಡ ಕೆಂಪು ಬಂಡೆಗೆ, ಪೂರ್ತಿ ಡಾಂಬರು ರಸ್ತೆಯಲ್ಲಿ. ಡಾಂಬರು ರಸ್ತೆ ಅನ್ನುವ ಒಂದೇ ಮಾತು ನಮಗೆ ಜಾಸ್ತಿ ಧೈರ್ಯ ಕೊಟ್ಟಿತು.

ಬಿಸಿಲು ಅಂದರೆ ಇಲ್ಲಿ ಎಷ್ಟು? ಇದೇ ರಾಜ್ಯದ ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ. 2019ರ ಜನವರಿ 24ರಂದು ಅಡಿಲೇಡ್ ನಗರದಲ್ಲೇ 46.6, ಪೋರ್ಟ್ ಆಗಸ್ಟಾದಲ್ಲಿ 49.5. ಇವೆಲ್ಲ ನೆರಳಿನಲ್ಲಿ ಅಳೆದದ್ದು. ರಸ್ತೆಯ ಮೇಲೆ ನಿಂತವನಿಗೆ ನೆರಳಿನ ಲೆಕ್ಕ ಅನ್ವಯಿಸುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಅಪ್ಪ ಒಂದು ಮಾತು ಹೇಳಿದರು. “ಬಿಸಿಲು ನಮಗೇನು ಹೊಸದಲ್ಲ. ಹನ್ನೊಂದಕ್ಕ ಒಳಗ ಕುಂದ್ರಬೇಕು, ಹೊತ್ತು ಇಳಿದ ಮ್ಯಾಲ ಹೊರಗ ಬರಬೇಕು. ಇಷ್ಟ ಐತಿ.” ನಾನು ಮೊದಲರ್ಧ ಮಾತ್ರ ಕೇಳಿಸಿಕೊಂಡೆ. ಅಪ್ಪನಿಗೆ ಬಿಸಿಲು ಅಭ್ಯಾಸ, ಚಿಂತೆಯಿಲ್ಲ ಅಂದುಕೊಂಡೆ. ಅವರು ಹೇಳಿದ್ದು ಅಭ್ಯಾಸದ ಮಾತಲ್ಲ, ಬಿಸಿಲಿನಲ್ಲಿ ಹೇಗಿರಬೇಕು ಅನ್ನುವ ಕ್ರಮ. ರಾಯಚೂರಿನಲ್ಲಿ ಮೇ ತಿಂಗಳಲ್ಲಿ 43, 44 ಆದಾಗ ಜನ ಬದುಕುವುದು ಗಟ್ಟಿ ಮೈಯಿಂದಲ್ಲ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಳಗೆ ಕೂರುವುದರಿಂದ. ಹೊರಗೆ ಹೋಗಲೇಬೇಕಾದರೆ ಎರಡು ಹೆಜ್ಜೆಗೊಂದು ಬೇವಿನ ಮರ, ಅರವಟ್ಟಿಗೆ, ಚಹಾದಂಗಡಿ ಇರುತ್ತದೆ. ಇಲ್ಲಿ 254 ಕಿಲೋಮೀಟರ್ ಉದ್ದಕ್ಕೆ ಅದ್ಯಾವುದೂ ಇಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಬಿಸಿಲು ತಪ್ಪಿಸಲು ರಾತ್ರಿ ಓಡಿಸೋಣ ಅಂದರೆ ಆಗುವುದಿಲ್ಲ. ಕತ್ತಲಲ್ಲಿ ಕಾಂಗರೂ, ಎಮು, ಬೇಲಿಯಿಲ್ಲದ ಕಡೆ ದನಗಳು ರಸ್ತೆಗೆ ಬರುತ್ತವೆ. ಮಬ್ಬುಗತ್ತಲಲ್ಲಿ ಇನ್ನೂ ಜಾಸ್ತಿ. ಕತ್ತಲಾದ ಮೇಲೆ ಊರ ಹೊರಗೆ ಗಾಡಿ ಓಡಿಸಬಾರದು ಅಂತ ನಮ್ಮ ಬಾಡಿಗೆ ಕರಾರಿನಲ್ಲೇ ಬರೆದಿತ್ತು. ಈ ಭಾಗದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಗ್ಗೆ ಆರೂವರೆ ಹತ್ತಿರ, ಮುಳುಗುವುದು ರಾತ್ರಿ ಎಂಟೂವರೆಗೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ, ಜೊತೆಗೆ ಇಲ್ಲಿಯ ಗಡಿಯಾರ ಹೊಂದಿಸಿದ ರೇಖಾಂಶಕ್ಕಿಂತ ನಾವು ಬಹಳ ಪಶ್ಚಿಮಕ್ಕೆ ಇರುವುದರಿಂದ, ಸೂರ್ಯ ನೆತ್ತಿಗೆ ಬರುವುದೇ ಮಧ್ಯಾಹ್ನ ಒಂದೂವರೆಗೆ. ಬಿಸಿಲ ತುದಿ ಸಂಜೆ ನಾಲ್ಕರ ಸುತ್ತ. ಅಂದರೆ ದಿನದಲ್ಲಿ ನಿಜವಾಗಿ ಓಡಿಸಬಹುದಾದದ್ದು ಬೆಳಗ್ಗೆ ಆರೂವರೆಯಿಂದ ಹನ್ನೊಂದೂವರೆ, ಬರೀ ಐದು ಗಂಟೆ. ನಾವು ಪ್ಲಾನ್ ಮಾಡಿದ್ದು ಮ್ಯಾಪ್ ನೋಡಿ, ಇಷ್ಟು ಕಿಲೋಮೀಟರ್‌ಗೆ ಇಷ್ಟು ಗಂಟೆ ಅಂತ. ಯಾವ ಗಂಟೆ ಅಂತ ಕೇಳಿಕೊಳ್ಳಲೇ ಇಲ್ಲ.

ಮೊದಲ ದಿನ ಅಡಿಲೇಡ್‌ನಿಂದ ಪೋರ್ಟ್ ಆಗಸ್ಟಾ, ಅಲ್ಲಿಂದ ಪಿಂಬಾ ದಾಟಿ ಲೇಕ್ ಹಾರ್ಟ್. ಸುಮಾರು 530 ಕಿಲೋಮೀಟರ್. ಲೇಕ್ ಹಾರ್ಟ್ ಉಪ್ಪಿನ ಕೆರೆ. ಸಂಜೆ ಬೆಳಕಿನಲ್ಲಿ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ರಸ್ತೆ ಬದಿಯ ರೆಸ್ಟ್ ಏರಿಯಾದಲ್ಲಿ ಬಿಡಾರ ಹೂಡಿದೆವು. ಒಳಗಿನ ಮಣ್ಣು ದಾರಿ ಸಡಿಲವಾಗಿದೆ ಅಂತ ನಾಲ್ಕೂ ಟಯರ್‌ಗಳ ಗಾಳಿ ಇಳಿಸಿದೆ. ಈ ಗಾಳಿಯ ವಿಷಯ ನೆನಪಿಡಿ.

ರಾತ್ರಿ ಒಂಬತ್ತಕ್ಕೂ 36 ಡಿಗ್ರಿ ಇತ್ತು. ಗಾಡಿಯ ತಲೆಯ ಮೇಲೆ ಬಿಚ್ಚಿಕೊಳ್ಳುವ ಟೆಂಟ್ ನಮ್ಮದು, ಚಿತ್ರದಲ್ಲಿ ತುಂಬಾ ಚೆನ್ನಾಗಿರುತ್ತದೆ. ಆದರೆ ಇಡೀ ದಿನ ಕಾದ ಗಾಡಿಯ ಮೇಲೆ ದಪ್ಪ ಕ್ಯಾನ್ವಾಸ್ ಹೊದ್ದು ಮಲಗುವುದು ಅಂದರೆ ಹೆಂಚಿನ ಮೇಲೆ ಮಲಗಿದ ಹಾಗೆ. ಮಗಳು ಅತ್ತಳು. ಎರಡು ಗಂಟೆಯ ಮೇಲೆ ಎಲ್ಲರಿಗೂ ಕಣ್ಣು ಹತ್ತಿತು. ಅಪ್ಪ ಮಾತ್ರ ಮೊದಲೇ ಕೆಳಗಿಳಿದು, ನೆಲಕ್ಕೆ ಚಾಪೆ ಹಾಸಿ, ಒದ್ದೆ ಟವೆಲ್ ಎದೆಯ ಮೇಲೆ ಹಾಕಿಕೊಂಡು ಮಲಗಿದ್ದರು.

ಐದಕ್ಕೆ ಏಳಬೇಕಾದವರು ಏಳೂವರೆಗೆ ಎದ್ದೆವು. ಟೆಂಟ್ ಮಡಚಿ, ತಿಂಡಿ ತಿಂದು, ಕೆರೆಯ ಮೇಲೆ ನಡೆದು ಫೋಟೋ ತೆಗೆದುಕೊಂಡು ಬರುವಷ್ಟರಲ್ಲಿ ಒಂಬತ್ತೂ ಮುಕ್ಕಾಲು. ಆಮೇಲೆ ಟಯರ್‌ಗೆ ಗಾಳಿ ತುಂಬಿಸಲು ಕೂತೆ. ಬಾಡಿಗೆ ಗಾಡಿಯ ಜೊತೆ ಕೊಟ್ಟಿದ್ದ ಪುಟ್ಟ ಕಂಪ್ರೆಸರ್ ಮೂರು ಟಯರ್ ತುಂಬಿಸಿ, ಕಾದು, ತಾನೇ ನಿಂತುಬಿಟ್ಟಿತು. ನಾಲ್ಕನೆಯದು ಹಿಂದಿನ ಎಡಗಡೆಯದು, ಅರ್ಧ ತುಂಬಿತ್ತು. ಕಾಲಿಂದ ಒತ್ತಿ ನೋಡಿದೆ. ಗಟ್ಟಿಯಾಗೇ ಇತ್ತು. ಗ್ಲೆಂಡಾಂಬೊದಲ್ಲಿ ನೋಡೋಣ ಅಂದುಕೊಂಡೆ. ಗ್ಲೆಂಡಾಂಬೊದಲ್ಲಿ ಡೀಸೆಲ್ ಹಾಕಿಸಿದೆ, ಐಸ್ ತೆಗೆದುಕೊಂಡೆ, ಟಯರ್ ಮರೆತೆ.

ಗಾಳಿ ಕಡಿಮೆಯಿದ್ದ ಟಯರ್ ಓಡುವಾಗ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ. ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ. ಮೇಲೆ ಐದು ಜನ, 60 ಲೀಟರ್ ನೀರು, ಟೆಂಟ್, ಫ್ರಿಜ್ಜು. ಕೆಳಗೆ ಕಾದ ಡಾಂಬರು. ವೇಗ 110. ಒಂದು ಗಂಟೆ ತಡೆದುಕೊಂಡಿದ್ದೇ ಹೆಚ್ಚು. ಆಮೇಲೆ ಒಡೆದ ಟಯರ್‌ನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿದೆ. ಅದು ತಯಾರಾದ ವಾರ ಮತ್ತು ವರ್ಷ. ಟಯರ್‌ಗೆ ಏಳು ವರ್ಷ ಆಗಿತ್ತು. ಗಾಡಿ ತೆಗೆದುಕೊಳ್ಳುವಾಗ ಸ್ಕ್ರಾಚ್ ಎಲ್ಲ ಫೋಟೋ ತೆಗೆದಿದ್ದೆ, ಈ ನಾಲ್ಕು ಅಂಕಿ ನೋಡಿರಲಿಲ್ಲ. ಬಾಡಿಗೆ ಕೊಟ್ಟವರೂ ಅಷ್ಟು ಹಳೆಯ ಟಯರ್ ಹಾಕಿ ಈ ದಾರಿಗೆ ಕಳಿಸಬಾರದಿತ್ತು. ಆದರೆ ಗಾಳಿ ಬಿಟ್ಟಿದ್ದು ನಾನು.

ಟಯರ್‌ಗಿಂತ ದೊಡ್ಡ ತಪ್ಪು ಆಗಿದ್ದು ಗ್ಲೆಂಡಾಂಬೊದಲ್ಲಿ. ಅಲ್ಲಿಗೆ ಮುಟ್ಟಿದಾಗ 11.10. ಆಗಲೇ 40 ಡಿಗ್ರಿ. ಕೌಂಟರಿನಲ್ಲಿದ್ದ ಹೆಂಗಸು ಮಗಳನ್ನೂ ಅಪ್ಪನನ್ನೂ ನೋಡಿ, ಇವತ್ತು ಇಲ್ಲೇ ಉಳಿದುಬಿಡಿ, ಬೆಳಗ್ಗೆ ಹೋಗಿ ಅಂದಳು. ಒಳಗೆ ಎಸಿ ಇತ್ತು, ಹಿಂದೆ ಕ್ಯಾಂಪ್ ಹಾಕುವ ಜಾಗ ಇತ್ತು. ಅಪ್ಪ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಆದರೆ ಕೂಬರ್ ಪೀಡಿಯಲ್ಲಿ ಆ ರಾತ್ರಿಗೆ ರೂಮ್ ಬುಕ್ ಆಗಿತ್ತು, ದುಡ್ಡು ವಾಪಸ್ ಬರುತ್ತಿರಲಿಲ್ಲ. ಎರಡೂವರೆ ಗಂಟೆಯ ದಾರಿ, ಎಸಿ ಗಾಡಿ, ಒಳ್ಳೆಯ ರಸ್ತೆ. ಹೋಗೋಣ ಅಂದೆ. ಸಾಯಂಕಾಲ ಐದಕ್ಕೆ ಹೊರಡುವ ಯೋಚನೆಯೂ ಬಂತು, ಕಾಂಗರೂ ಹೊತ್ತಿಗೆ ಸಿಕ್ಕಿಕೊಳ್ಳುತ್ತೇವೆ ಅಂತ ಬಿಟ್ಟೆವು. ಉಳಿಯುವುದೊಂದೇ ಸರಿಯಾದ ದಾರಿಯಾಗಿತ್ತು. 11.40ಕ್ಕೆ ಹೊರಟೆವು.

ಟಯರ್ ಒಡೆದಾಗ ಗಾಡಿ ಸ್ವಲ್ಪ ಎಳೆಯಿತು. ಬ್ರೇಕ್ ಒತ್ತದೆ ನಿಧಾನ ಮಾಡಿ ಎಡಗಡೆ ಜಲ್ಲಿ ಅಂಚಿಗೆ ಇಳಿಸಿದೆ. ಬಾಗಿಲು ತೆಗೆದ ಕೂಡಲೇ ಒಲೆಯ ಬಾಯಿ ತೆರೆದಂತೆ ಗಾಳಿ ಬಡಿಯಿತು. ಆ ಜಾಗ ಹೇಗಿದೆ ಅಂದರೆ, ಕಣ್ಣು ಹಾಯಿಸಿದಷ್ಟು ದೂರ ಕೆಂಪು ಕಲ್ಲು, ಮೊಣಕಾಲುದ್ದದ ಬೂದು ಪೊದೆಗಳು, ಅಷ್ಟೇ. ಮರ ಇಲ್ಲ. ಗಾಡಿಯ ನೆರಳಿನಲ್ಲಿ ಕೂರೋಣ ಅಂದರೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿದ್ದ, ಗಾಡಿಯ ನೆರಳು ಗಾಡಿಯ ಕೆಳಗೇ ಇತ್ತು.

ಜಾಕ್ ಹಾಕುವಾಗ ಗಾಡಿಯೊಳಗೆ ಯಾರೂ ಇರಬಾರದು. ಹಾಗಾಗಿ ಎಲ್ಲರೂ ಇಳಿದೆವು. ಟಾರ್ಪಾಲನ್ನು ರೂಫ್ ರ‍್ಯಾಕ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ನೀರಿನ ಕ್ಯಾನ್‌ಗಳಿಗೆ ಬಿಗಿದು ಅಪ್ಪ, ಮಗಳು, ಹೆಂಡತಿ ಕೂತರು. ಸ್ಟೆಪ್ನಿ ಗಾಡಿಯ ಹೊಟ್ಟೆಯ ಕೆಳಗೆ. ಅದನ್ನು ಇಳಿಸಲು ಕೆಳಗೆ ಮಲಗಬೇಕು. ಜಲ್ಲಿ ಬೆನ್ನು ಸುಡುತ್ತಿತ್ತು. ಸ್ಪ್ಯಾನರ್ ಬರಿಗೈಯಲ್ಲಿ ಹಿಡಿಯಲಾಗಲಿಲ್ಲ. ನಟ್‌ಗಳನ್ನು ಗ್ಯಾರೇಜಿನಲ್ಲಿ ಗಾಳಿ ಗನ್‌ನಿಂದ ಬಿಗಿದಿದ್ದರು. ಬಾಮೈದ ಸ್ಪ್ಯಾನರ್ ಮೇಲೆ ನಿಂತು ಜಿಗಿದರೂ ಆರರಲ್ಲಿ ಎರಡು ಅಲ್ಲಾಡಲಿಲ್ಲ. ಜಾಕ್‌ನ ಪುಟ್ಟ ಪಾದ ಜಲ್ಲಿಯಲ್ಲಿ ಹೂತುಹೋಗುತ್ತಿತ್ತು.

1.05ಕ್ಕೆ ಒಂದು ಕ್ಯಾರವಾನ್ ಎದುರಿನಿಂದ ಬಂತು. ಹತ್ತಿರ ಬಂದು ನಿಧಾನ ಮಾಡಿದರು. ಈ ದಾರಿಯಲ್ಲಿ ನಿಂತ ಗಾಡಿ ಕಂಡರೆ ಹಾಗೆ ಕೇಳಿಯೇ ಹೋಗುತ್ತಾರೆ, ಅದು ಇಲ್ಲಿಯ ಒಳ್ಳೆಯ ಪದ್ಧತಿ. ಬಾಮೈದ ಹೆಬ್ಬೆರಳು ಎತ್ತಿ ಪರವಾಗಿಲ್ಲ ಅಂತ ತೋರಿಸಿದ. ಅವರು ಕೈಬೀಸಿ ಹೋದರು. ಟಯರ್ ತಾನೇ, ನಾವೇ ಮಾಡಿಕೊಳ್ಳುತ್ತೇವೆ ಅನ್ನುವ ಸಂಕೋಚ. ಇನ್ನೊಬ್ಬರಿಗೆ ಯಾಕೆ ತೊಂದರೆ ಅನ್ನುವುದು ನಮ್ಮ ಸ್ವಭಾವ. ಆ ಒಂದು ಸಂಕೋಚಕ್ಕೆ ಒಂದು ಗಂಟೆ ಹೋಯಿತು.

ಅವನ ವಿಷಯ ಹೇಳಬೇಕು. 34 ವರ್ಷ. ಬೆಂಗಳೂರಿನಲ್ಲಿ ದಿನಾ ಓಡುತ್ತಾನೆ, 10 ಕೆ ಓಟಕ್ಕೆ ಹೋಗುತ್ತಾನೆ. ಆದರೆ ಬಂದಿಳಿದು ನಾಲ್ಕೇ ದಿನ ಆಗಿತ್ತು. ಬೆಂಗಳೂರಿನ ಡಿಸೆಂಬರ್ ಅಂದರೆ ಸ್ವೆಟರ್ ಹಾಕುವ ಬೆಳಗು. ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹೊಂದಿಕೊಂಡ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಬಿಡುತ್ತದೆ. ಎಷ್ಟೇ ಫಿಟ್ ಇದ್ದರೂ ನಾಲ್ಕು ದಿನದಲ್ಲಿ ಅದು ಬರುವುದಿಲ್ಲ. ಅಪ್ಪನಿಗೂ ಅದೇ ಅನ್ವಯ. ರಾಯಚೂರಿನಲ್ಲೂ ಡಿಸೆಂಬರ್ ಚಳಿಗಾಲವೇ. ಅಪ್ಪ ಉಳಿದದ್ದು ಸುಮ್ನೆ ಕೂತಿದ್ದರಿಂದ.

ಅವನು ಬೆಳಗ್ಗಿಂದ ಮೂರು ಲೀಟರ್ ನೀರು ಕುಡಿದಿದ್ದ. ಬರೀ ನೀರು. ತಿಂಡಿ ಸರಿಯಾಗಿ ತಿಂದಿರಲಿಲ್ಲ. 1.25ಕ್ಕೆ ಅವನು ಸ್ಪ್ಯಾನರ್ ಕೆಳಗಿಟ್ಟು, ಅಕ್ಕಾ ಚಳಿ ಆಗ್ತಿದೆ ಅಂದ. 43 ಡಿಗ್ರಿಯಲ್ಲಿ ಚಳಿ. ಕೈಮೇಲೆ ರೋಮ ನಿಂತಿತ್ತು. ಹೆಂಡತಿ ಆ ಮಾತು ಕೇಳಿದ ಕೂಡಲೇ ಎದ್ದಳು. ಅವನು ನಾಲ್ಕು ಹೆಜ್ಜೆ ನಡೆದು ವಾಂತಿ ಮಾಡಿಕೊಂಡ. ಎರಡೂ ಮೀನಖಂಡ ಹಿಡಿದುಕೊಂಡವು. ಮಗಳ ಜ್ವರಕ್ಕೆ ಅಂತ ಇಟ್ಟಿದ್ದ ಥರ್ಮಾಮೀಟರ್ ಕಿವಿಗಿಟ್ಟರೆ 38.9.

ಇಲ್ಲಿಂದ ಮುಂದೆ ಮಾಡಿದ್ದೆಲ್ಲ ಸರಿಯಾಗಿ ಮಾಡಿದೆವು. ಕೆಲಸ ನಿಲ್ಲಿಸಿದೆವು. ಜಾಕ್ ಪೂರ್ತಿ ಇಳಿಸಿದೆವು. ಎಂಜಿನ್ ಹಾಕಿ, ಎಸಿ ಹಾಕಿ, ಎಲ್ಲರೂ ಗಾಡಿಯೊಳಗೆ ಹೋದೆವು. ಟ್ಯಾಂಕ್ ಮುಕ್ಕಾಲು ತುಂಬಿತ್ತು. ನಿಂತ ಗಾಡಿ ಗಂಟೆಗೆ ಒಂದೆರಡು ಲೀಟರ್ ಡೀಸೆಲ್ ಕುಡಿಯಬಹುದು, ಅಷ್ಟೇ. ಇಡೀ ದಿನ ಹಾಗೇ ಕೂರಬಹುದಿತ್ತು. ಇದನ್ನು 12.50ಕ್ಕೇ ಮಾಡಿ, ರೇಡಿಯೋದಲ್ಲಿ ಕೂಗಿ, ಕಾದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಿಂತ ಗಾಡಿಯ ಎಸಿ ಓಡುವ ಗಾಡಿಯಷ್ಟು ತಂಪು ಕೊಡುವುದಿಲ್ಲ. ಅಪ್ಪ ತಮ್ಮ ಪಂಚೆಯನ್ನು ಐಸ್ ಕರಗಿದ ನೀರಲ್ಲಿ ಅದ್ದಿ, ಅವನ ಅಂಗಿ ಬಿಚ್ಚಿಸಿ, ಎದೆ, ಕುತ್ತಿಗೆ, ಕಂಕುಳಿಗೆ ಸುತ್ತಿದರು. ಊಟದ ತಟ್ಟೆಯಿಂದ ಗಾಳಿ ಹಾಕಿದರು. ಒಣ ಹವೆಯಲ್ಲಿ ಒದ್ದೆ ಬಟ್ಟೆ ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನುವುದು ರಾಯಚೂರಿನವರಿಗೆ ಗೊತ್ತು. ಮಂಗಳೂರಿನ ತೇವದ ಸೆಕೆಯಲ್ಲಿ ಇದು ಅಷ್ಟು ಕೆಲಸ ಮಾಡುವುದಿಲ್ಲ. ಬಟ್ಟೆ ಒದ್ದೆಯಿಲ್ಲದೆ ಬರೀ ಗಾಳಿ ಹಾಕಿದ್ದರೆ ಇನ್ನೂ ಕೆಡುಕು, ಮೈಗಿಂತ ಬಿಸಿಯಾದ ಗಾಳಿ ಮೈಯನ್ನು ಕಾಯಿಸುತ್ತದೆ. ಓಆರ್‌ಎಸ್ ಪುಡಿ ಕಲಸಿ ಎರಡೆರಡು ಗುಟುಕು, ಎರಡು ನಿಮಿಷಕ್ಕೊಮ್ಮೆ. ಅವನು ಗಟಗಟ ಕುಡಿಯಲು ನೋಡಿದ, ಅಪ್ಪ ಬಿಡಲಿಲ್ಲ.

ನೀರಿನ ವಿಷಯದಲ್ಲಿ ಒಂದು ಮಾತು. ಒಬ್ಬರಿಗೆ ದಿನಕ್ಕೆ 10 ಲೀಟರ್ ಲೆಕ್ಕದಲ್ಲಿ, ಒಂದು ದಿನದ ಮೇಲೆ ಉಳಿಯುವಷ್ಟು ನೀರು ನಮ್ಮಲ್ಲಿತ್ತು. ಆದರೆ ಎರಡು ದೊಡ್ಡ ಕ್ಯಾನ್ ರೂಫ್ ಮೇಲಿದ್ದವು. ಆ ನೀರು ಚಹಾದಷ್ಟು ಬಿಸಿಯಾಗಿತ್ತು. ಬಿಸಿನೀರನ್ನು ಬಾಯಾರಿಕೆಯಾದರೂ ಯಾರೂ ಸಾಕಷ್ಟು ಕುಡಿಯುವುದಿಲ್ಲ. ಉಳಿದದ್ದು ಲಗೇಜಿನ ಅಡಿಯಲ್ಲಿತ್ತು. ಕೈಗೆ ಸಿಗುವ ತಣ್ಣೀರು ಮೂರೇ ಬಾಟಲಿ.

ಗೆಳೆಯನೊಬ್ಬ ಕೊಟ್ಟಿದ್ದ ಪಿಎಲ್‌ಬಿ ನಮ್ಮ ಹತ್ತಿರ ಇತ್ತು. ಅಂಗೈಯಷ್ಟು ಉಪಕರಣ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕ್ಯಾನ್‌ಬೆರಾದ ರಕ್ಷಣಾ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಒತ್ತಬೇಕು. ಈಗ ಒತ್ತಬೇಕಾ ಬೇಡವಾ? ಹೆಂಡತಿ ಒಂದು ಗೆರೆ ಎಳೆದಳು. ಬಳಲಿಕೆಯಿಂದ ಹೀಟ್ ಸ್ಟ್ರೋಕ್‌ಗೆ ಹೋಗುವ ದೊಡ್ಡ ಗುರುತು ಬುದ್ಧಿ ಮಂಕಾಗುವುದು. ಮಾತು ತೊದಲಿದರೆ, ಗೊಂದಲವಾದರೆ, ಜ್ವರ 40 ಮುಟ್ಟಿದರೆ ತಕ್ಷಣ ಒತ್ತುವುದು. ಅಲ್ಲಿಯವರೆಗೆ ಐದು ನಿಮಿಷಕ್ಕೊಮ್ಮೆ ಹದಿಮೂರರ ಮಗ್ಗಿ ಹೇಳಿಸುವುದು. ಅವನು ಕಣ್ಣು ಮುಚ್ಚಿಕೊಂಡೇ ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು ಅಂತ ಹೇಳುತ್ತಾ ಹೋದ. ಒಮ್ಮೆ ತೊಂಬತ್ತೊಂದರ ಹತ್ತಿರ ತಡವರಿಸಿದ. ನನ್ನ ಕೈ ಗುಂಡಿಯ ಮೇಲಿತ್ತು. ಮತ್ತೆ ಮೊದಲಿಂದ ಕೇಳಿದಾಗ ಸರಿಯಾಗಿ ಹೇಳಿದ.

ಒತ್ತಿದ್ದರೆ ಸಹಾಯ ಬರುತ್ತಿತ್ತು. 1928ರಲ್ಲಿ ಶುರುವಾದ ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನಗಳಿಗೆ ಇಳಿಯಲು ಈ ಹೈವೇಯ ಕೆಲವು ತುಂಡುಗಳಿಗೆ ಗುರುತು ಹಾಕಿದ್ದಾರೆ. ಅಂಥ ಒಂದನ್ನು ನಾವೇ ದಾಟಿ ಬಂದಿದ್ದೆವು.

ಈ ನಡುವೆ ನನಗೆ ಒಂದು ಯೋಚನೆ ಬಂತು, ಹೇಳಲೇಬೇಕು. ಉತ್ತರಕ್ಕೆ ಒಂದು ಸಣ್ಣ ದಿಬ್ಬ ಕಾಣುತ್ತಿತ್ತು. ಎರಡು ಕಿಲೋಮೀಟರ್ ಇರಬಹುದು. ಅದರ ಮೇಲೆ ಹತ್ತಿದರೆ ಸಿಗ್ನಲ್ ಸಿಗಬಹುದು ಅಂತ ಅನಿಸಿತು. ಟೋಪಿ, ನೀರಿನ ಬಾಟಲಿ ತೆಗೆದುಕೊಂಡೆ ಕೂಡ. ಹೆಂಡತಿ ಕೈ ಹಿಡಿದು ನಿಲ್ಲಿಸಿದಳು. 1998ರ ಡಿಸೆಂಬರ್‌ನಲ್ಲಿ ಇದೇ ರಾಜ್ಯದ ಕಾತಿ ತಾಂಡಾ–ಲೇಕ್ ಐರ್‌ನ ಹ್ಯಾಲಿಗನ್ ಬೇ ಅನ್ನುವಲ್ಲಿ ಆಸ್ಟ್ರಿಯಾದಿಂದ ಬಂದಿದ್ದ ಒಂದು ಯುವ ಜೋಡಿಯ ಬಾಡಿಗೆ ಕ್ಯಾಂಪರ್ ಗಾಡಿ ಮರಳಿನಲ್ಲಿ ಹೂತುಕೊಂಡಿತು. ಕಾದು ಕಾದು, ಸುಮಾರು 60 ಕಿಲೋಮೀಟರ್ ದೂರದ ವಿಲಿಯಂ ಕ್ರೀಕ್‌ಗೆ ನಡೆಯಲು ಹೊರಟರು. ಗಂಡಸು ವಾಪಸ್ ಗಾಡಿಯ ಹತ್ತಿರ ಬಂದ, ಬದುಕಿದ. ಆ ಹುಡುಗಿ ಮುಂದೆ ನಡೆದಳು, ಅರ್ಧ ದಾರಿಯಲ್ಲಿ ತೀರಿಕೊಂಡಳು. ಆಮೇಲೆ ಪೊಲೀಸರು ಟಯರ್‌ಗಳ ಗಾಳಿ ಇಳಿಸಿ ಅದೇ ಗಾಡಿಯನ್ನು ಓಡಿಸಿಕೊಂಡು ಹೊರಗೆ ತಂದರು. ಈ ಕಥೆಯನ್ನು ಹೊರಡುವ ಮುಂಚೆ ನಾನೇ ಅವಳಿಗೆ ಹೇಳಿದ್ದೆ. ಗೊತ್ತಿದ್ದೂ ಕಾಲು ಹೊರಗೆ ಹೋಗಿತ್ತು. ಬಿಸಿಲು ಮೊದಲು ತಿನ್ನುವುದು ವಿವೇಕವನ್ನೇ. ಟೋಪಿ ಇಟ್ಟು ಒಳಗೆ ಕೂತೆ.

ಡ್ಯಾಶ್‌ಬೋರ್ಡಿನ ಯುಎಚ್‌ಎಫ್ ರೇಡಿಯೋದಲ್ಲಿ 40ನೇ ಚಾನೆಲ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಕೂಗುತ್ತಿದ್ದೆ. ಹೈವೇ ಲಾರಿಯವರೆಲ್ಲ ಅದರಲ್ಲೇ ಇರುತ್ತಾರೆ. ಎರಡು ಗಂಟೆ ದಾಟಿದ ಮೇಲೆ ಉತ್ತರ ಬಂತು. ಹತ್ತು ನಿಮಿಷದಲ್ಲಿ ಮೂರು ಟ್ರೇಲರ್ ಎಳೆಯುವ ರೋಡ್ ಟ್ರೇನ್ ಕಾಣಿಸಿತು. ಇವು 53.5 ಮೀಟರ್‌ವರೆಗೂ ಉದ್ದ ಇರುತ್ತವೆ, ಅಂಥದ್ದು ನಿಲ್ಲಬೇಕಾದರೆ ಬಹಳ ಮುಂಚೆಯೇ ನಿಧಾನ ಮಾಡಬೇಕು. ಆ ಮನುಷ್ಯ ಇಳಿದವನೇ ಮೊದಲು ಬಾಮೈದನನ್ನು ನೋಡಿದ, ಹೆಸರು ಕೇಳಿದ. ಅವನನ್ನು, ಅಪ್ಪನನ್ನು, ಮಗಳನ್ನು ತನ್ನ ಲಾರಿಯ ತಂಪಾದ ಕ್ಯಾಬಿನ್‌ಗೆ ಹತ್ತಿಸಿದ. ಜಾಕ್ ಕೆಳಗೆ ಅಗಲವಾದ ಹಲಗೆ ಇಟ್ಟ. ಸ್ಪ್ಯಾನರ್‌ಗೆ ಒಂದು ಮೀಟರ್ ಪೈಪ್ ಸಿಕ್ಕಿಸಿದ. ಆ ಎರಡು ನಟ್‌ಗಳು ಒಂದೊಂದೇ ಒತ್ತಿಗೆ ಬಂದವು. ಇಪ್ಪತ್ತು ನಿಮಿಷ. ಹಲಗೆ ಮತ್ತು ಪೈಪ್, ಈ ಎರಡೇ ಸಾಮಾನು ನಮ್ಮ ಹತ್ತಿರ ಇರಲಿಲ್ಲ. ದುಡ್ಡು ಕೊಡಲು ಹೋದರೆ ತಲೆಯಾಡಿಸಿದ. ಅಪ್ಪ ಅವನಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಟ್ಟರು. ಆಗ 45 ಡಿಗ್ರಿ ಇತ್ತು.

80ರಲ್ಲಿ ಓಡಿಸಿ ಐದರ ಹೊತ್ತಿಗೆ ಕೂಬರ್ ಪೀಡಿ ಆಸ್ಪತ್ರೆ ಮುಟ್ಟಿದೆವು. ಜ್ವರ 37.8ಕ್ಕೆ ಇಳಿದಿತ್ತು. ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಬೆವರಿನಲ್ಲಿ ಉಪ್ಪು ಹೋಗಿ, ಬರೀ ನೀರು ಒಳಗೆ ಬಂದದ್ದೇ ಕಾರಣ. ಡ್ರಿಪ್ ಹಾಕಿ ರಾತ್ರಿ ಹತ್ತರವರೆಗೆ ಇಟ್ಟುಕೊಂಡರು. ಒದ್ದೆ ಪಂಚೆ ನೋಡಿ ಡಾಕ್ಟರ್, ಇದನ್ನು ಮಾಡಿದ್ದು ಯಾರು ಅಂತ ಕೇಳಿದರು. ಹೆಂಡತಿ ಅಪ್ಪನ ಕಡೆ ತೋರಿಸಿದಳು.

ಕೂಬರ್ ಪೀಡಿಯಲ್ಲಿ 1915ರಲ್ಲಿ ಓಪಲ್ ಸಿಕ್ಕಿತು. ಅಗೆದ ಗುಂಡಿಗಳಲ್ಲೇ ಜನ ಮನೆ ಮಾಡಿಕೊಂಡರು. ಈಗಲೂ ಊರಿನ ಬಹಳಷ್ಟು ಜನ ನೆಲದೊಳಗೇ ಇರುತ್ತಾರೆ. ನಮ್ಮ ರೂಮೂ ಗುಡ್ಡದೊಳಗೇ ಇತ್ತು. ಹೊರಗೆ 44, ಒಳಗೆ ಎಸಿ ಇಲ್ಲದೆ 24. ಅಪ್ಪ ಗೋಡೆಗೆ ಕೈಯಿಟ್ಟು ಬಹಳ ಹೊತ್ತು ನಿಂತರು. ನಮ್ಮೂರಿನ ಮಣ್ಣಿನ ಮಾಳಿಗೆ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿಸಿದ್ದು ನಾನೇ, ಹನ್ನೆರಡು ವರ್ಷದ ಹಿಂದೆ. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಮೂರು ರಾತ್ರಿ ಅಲ್ಲೇ ಉಳಿದೆವು.

ಮುಂದಕ್ಕೆ ಹೋಗಬೇಕಾ ಅನ್ನುವುದನ್ನು ಬಾಮೈದನಿಗೇ ಬಿಟ್ಟೆವು. ಹೋಗೋಣ, ಆದರೆ ಟೈಮ್‌ಟೇಬಲ್ ಅಪ್ಪಾಜಿ ಮಾಡಲಿ ಅಂದ. ಎರಡು ಹೊಸ ಟಯರ್ ಹಾಕಿಸಿದೆವು. ಅಪ್ಪನ ಟೈಮ್‌ಟೇಬಲ್ ಸರಳವಾಗಿತ್ತು. ರಾತ್ರಿಯೇ ಗಾಡಿ ತುಂಬಿಸುವುದು. ಬೆಳಗ್ಗೆ ಬೆಳಕು ಹರಿದ ಕೂಡಲೇ ಹೊರಡುವುದು. ತಣ್ಣನೆ ಟಯರ್‌ಗೆ ಗೇಜ್ ಇಟ್ಟು ನೋಡದೆ ಗಾಡಿ ಅಲ್ಲಾಡಿಸುವುದಿಲ್ಲ. ಹನ್ನೊಂದೂವರೆಗೆ ಎಲ್ಲಿದ್ದರೂ ನೆರಳಿಗೆ. ಆ ಹೊತ್ತಿಗೆ ನೆರಳಿರುವ ಊರು ಸಿಗುವ ಹಾಗೆ ದಿನದ ದೂರ ಕತ್ತರಿಸುವುದು. ಹಾಗೆ ಮೊದಲ ದಿನ ಮಾರ್ಲಾ ಮೇಲಿಂದ ಎರ್ಲ್‌ಡಂಡಾವರೆಗೆ 490 ಕಿಲೋಮೀಟರ್. ನಾರ್ದರ್ನ್ ಟೆರಿಟರಿ ಗಡಿ ದಾಟಿದಾಗ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು, ಅಪ್ಪ ಸೂರ್ಯನನ್ನೇ ನೋಡಿ ಲೆಕ್ಕ ಹಿಡಿದರು. ಮರುದಿನ ಉಳಿದ 245 ಕಿಲೋಮೀಟರ್, ಉಲುರು ಹತ್ತಿರದ ಊರು ಯುಲಾರಾಕ್ಕೆ. ಗಾಡಿ ಮೇಲಿನ ಟೆಂಟ್ ಮತ್ತೆ ಬಿಚ್ಚಲಿಲ್ಲ. ಸೊಳ್ಳೆಪರದೆ ಕಟ್ಟಿ ನೆಲದಲ್ಲಿ ಮಲಗಿದೆವು. ಒಲೆಯನ್ನೂ ಹಚ್ಚಲಿಲ್ಲ. ಬೆಂಕಿ ನಿಷೇಧದ ದಿನಗಳಲ್ಲಿ ಗ್ಯಾಸ್ ಒಲೆಗೂ ಕಟ್ಟುನಿಟ್ಟಿನ ನಿಯಮವಿದೆ. ರೊಟ್ಟಿ, ಮೊಸರಿನಲ್ಲಿ ನೆನೆಸಿದ ಅವಲಕ್ಕಿ, ಉಪ್ಪು ಹಾಕಿದ ಮಜ್ಜಿಗೆ, ಇಷ್ಟರಲ್ಲೇ ಆರು ದಿನ ಕಳೆಯಿತು.

ಅಲ್ಲಿ ನೋಡಿದರೆ ಪಾರ್ಕಿನವರ ನಿಯಮವೂ ಅಪ್ಪನದೇ. ಮುನ್ಸೂಚನೆ 36 ಡಿಗ್ರಿ ಅಥವಾ ಜಾಸ್ತಿ ಇದ್ದರೆ ಉಲುರು ಹತ್ತಿರದ ಕಾಟಾ ಜೂಟಾ ಬಂಡೆಗಳ ನಡುವೆ ನಡೆಯುವ ವ್ಯಾಲಿ ಆಫ್ ದಿ ವಿಂಡ್ಸ್ ದಾರಿಯನ್ನು ‘ಕರು’ (Karu) ಅನ್ನುವ ಹೆಸರಿನ ಲುಕ್‌ಔಟ್‌ನಿಂದ ಮುಂದಕ್ಕೆ ಹನ್ನೊಂದಕ್ಕೆ ಮುಚ್ಚುತ್ತಾರೆ. ಉಲುರು ಹತ್ತುವುದು 2019ರ ಅಕ್ಟೋಬರ್ 26ರಿಂದ ಪೂರ್ತಿ ನಿಂತಿದೆ, ಅದು ಅಲ್ಲಿಯ ಅನಂಗು ಜನರ ಬಹಳ ವರ್ಷಗಳ ಬೇಡಿಕೆ, ನಿಲ್ಲಿಸಿದ್ದು ಒಳ್ಳೆಯದಾಯಿತು. ಬಂಡೆಯ ಸುತ್ತ ನಡೆಯುವ ದಾರಿ ಸುಮಾರು 10 ಕಿಲೋಮೀಟರ್. ನಾವು ಆರಕ್ಕೆ ಶುರು ಮಾಡಿ, ಮುಟಿಜುಲು ನೀರಿನ ಗುಂಡಿಯವರೆಗೆ ಹೋಗಿ, ಅಲ್ಲಿ ಬಂಡೆಯ ನೆರಳಲ್ಲಿ ಕೂತು ವಾಪಸ್ ಬಂದೆವು. ಪೂರ್ತಿ ಸುತ್ತಬೇಕು ಅಂತ ಯಾರೂ ಹಟ ಮಾಡಲಿಲ್ಲ.

ವಾಪಸ್ ಬರುವಾಗ ಕೂಬರ್ ಪೀಡಿಯನ್ನು ಆರೂವರೆಗೆ ಬಿಟ್ಟೆವು. ಎಂಟರ ಸುಮಾರಿಗೆ ಆ ಜಾಗ ಬಂತು. 27 ಡಿಗ್ರಿ. ಗಾಳಿ ತಣ್ಣಗಿತ್ತು. ಜಾಕ್ ಹೂತ ಗುಂಡಿ, ಟಯರ್‌ನ ಕಪ್ಪು ಚೂರುಗಳು ಹಾಗೇ ಬಿದ್ದಿದ್ದವು. ಬಾಮೈದ ಇಳಿದು ಚೂರುಗಳನ್ನು ಆರಿಸಿ ಚೀಲಕ್ಕೆ ತುಂಬಿದ. ಉತ್ತರದ ಆ ದಿಬ್ಬವನ್ನು ಮತ್ತೆ ನೋಡಿದೆ. ಗಾಡಿಯ ಮೀಟರಿನಲ್ಲಿ ಅಳೆದರೆ ಅದು ಏಳು ಕಿಲೋಮೀಟರ್ ದೂರ ಇತ್ತು. ಒಂಬತ್ತೂ ಕಾಲಿಗೆ ಗ್ಲೆಂಡಾಂಬೊ. ಅದೇ ಹೆಂಗಸು ಕೌಂಟರಿನಲ್ಲಿದ್ದಳು. ಅವತ್ತು ಅಲ್ಲೇ ಉಳಿದೆವು.